ಕಾಯುವ ತಂತಿಯ ಕಥೆ

ವಿದ್ಯುಚ್ಛಕ್ತಿಯ ಚರಿತ್ರೆಯನ್ನು ಬರೆಯುವವರು ವೋಲ್ಟನನ್ನು ಮರೆಯುವುದಿಲ್ಲ, ಫ್ಯಾರಡೆಯನ್ನು ಮರೆಯುವುದಿಲ್ಲ. ಎಡಿಸನ್ನನನ್ನಂತೂ ಮರೆಯುವ ಹಾಗೆಯೇ ಇಲ್ಲ. ಆದರೆ ಆಲ್ಬರ್ಟ್ ಮಾರ್ಷ್ ಎಂಬ ಹೆಸರನ್ನು ನಮ್ಮಲ್ಲಿ ಎಷ್ಟು ಜನ ಕೇಳಿದ್ದಾರೆ? ಬೆಳಗ್ಗೆ ಎದ್ದು ಸ್ನಾನಕ್ಕೆ ನೀರು ಕಾಯಿಸುವವರು, ಅಂಗಿಗೆ ಇಸ್ತ್ರಿ ಹಾಕುವವರು, ರೊಟ್ಟಿಯ ಹೋಳನ್ನು ಕೆಂಪಗೆ ಸುಟ್ಟುಕೊಂಡು ಬೆಣ್ಣೆ ಸವರುವವರು ದಿನಕ್ಕೆ ಎರಡು ಮೂರು ಸಲವಾದರೂ ಆತನ ಋಣಕ್ಕೆ ಬೀಳುತ್ತಾರೆ. ನಾನು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಕಲಿಸಿದವನು. ಓಮನ ನಿಯಮವನ್ನು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆದು ಅಳಿಸಿದ್ದೇನೆ. ಆ ನಿಯಮ ಯಾವ ತಂತಿಯಲ್ಲಿ ಫಲ ಕೊಟ್ಟಿತೋ ಆ ತಂತಿಯ ಮಾತು ಮಾತ್ರ ನಮ್ಮ ಪಠ್ಯಪುಸ್ತಕಗಳಲ್ಲಿ ಎಂದೂ ಬಂದದ್ದಿಲ್ಲ.

ನಿಯಮ ಹಳೆಯದು, ತಂತಿ ಹೊಸದು. ವಿದ್ಯುತ್ಪ್ರವಾಹವು ಒಂದು ತಂತಿಯನ್ನು ಎಷ್ಟು ಕಾಯಿಸುತ್ತದೆ ಎಂಬ ಲೆಕ್ಕ ೧೮೪೧ರ ಹೊತ್ತಿಗೆ ಪೂರ್ತಿಯಾಗಿ ತಿಳಿದಿತ್ತು. ಆ ಲೆಕ್ಕವನ್ನು ನಂಬಿ ಒಂದು ಮಡಕೆಯನ್ನು ಸುಡಬಲ್ಲ, ಸಾಮಾನ್ಯರು ಕೊಳ್ಳಬಲ್ಲ ತಂತಿ ಹುಟ್ಟಿದ್ದು ೧೯೦೫ರಲ್ಲಿ. ನಡುವೆ ಅರವತ್ತನಾಲ್ಕು ವರ್ಷ ಸಂದವು. ಇಷ್ಟು ಕಾಲ ಲೋಕ ಯಾವುದಕ್ಕಾಗಿ ಕಾದಿತ್ತು? ಇದು ಬರಿಯ ಕುತೂಹಲದ ಪ್ರಶ್ನೆಯೆಂದು ವಾಚಕರು ತಿಳಿಯಬಾರದು. ನಮ್ಮ ಬೀದಿಯಲ್ಲಿಯೇ ಒಬ್ಬ ಹೆಣ್ಣುಮಗಳ ಹೊಟ್ಟೆಪಾಡು ಇದರ ಉತ್ತರಕ್ಕೆ ತಗುಲಿಕೊಂಡಿದ್ದಿತು. ಅದನ್ನು ಮುಂದೆ ಹೇಳುತ್ತೇನೆ.

ಗೆಯೋರ್ಗ್ ಓಮ್ ಜರ್ಮನಿಯ ಎರ್ಲಾಂಗೆನ್ ಎಂಬ ಊರಿನ ಒಬ್ಬ ಬೀಗ ಮಾಡುವವನ ಮಗ. ಹುಟ್ಟಿದ್ದು ೧೭೮೯ರಲ್ಲಿ. ತಂದೆ ಓದು ಕಲಿತವನು, ಮಗನಿಗೆ ಗಣಿತವನ್ನೂ ಕಲಿಸಿದನು, ಅರ ಹಿಡಿಯುವುದನ್ನೂ ಕಲಿಸಿದನು. ಕಲೋನ್ ನಗರದ ಶಾಲೆಯೊಂದರಲ್ಲಿ ಉಪಾಧ್ಯಾಯನಾಗಿದ್ದಾಗ ಓಮನು ತನಗೆ ಬೇಕಾದ ಸಲಕರಣೆಗಳನ್ನು ತನ್ನ ಕೈಯಿಂದಲೇ ಮಾಡಿಕೊಂಡನು. ವೋಲ್ಟನ ಬ್ಯಾಟರಿಯ ಶಕ್ತಿ ಒಂದು ಗಳಿಗೆ ಇದ್ದಂತೆ ಇನ್ನೊಂದು ಗಳಿಗೆ ಇರುತ್ತಿರಲಿಲ್ಲ. ಅದನ್ನು ನಂಬಿ ಅಳೆದರೆ ಅಳತೆ ನಿಲ್ಲುವುದೆಲ್ಲಿ? ಪೊಗೆನ್‌ಡಾರ್ಫ್ ಎಂಬ ವಿಜ್ಞಾನಿಯ ಸಲಹೆಯಂತೆ ಓಮನು ಅದನ್ನು ಬಿಟ್ಟು, ಬಿಸ್ಮತ್ ಮತ್ತು ತಾಮ್ರಗಳನ್ನು ಜೋಡಿಸಿ, ಒಂದು ಸಂದನ್ನು ಕುದಿಯುವ ನೀರಿನಲ್ಲಿಯೂ ಇನ್ನೊಂದನ್ನು ಮಂಜುಗಡ್ಡೆಯಲ್ಲಿಯೂ ಇಟ್ಟನು. ನೀರು ಕುದಿಯುವವರೆಗೆ, ಮಂಜು ಕರಗುವವರೆಗೆ ಆ ಶಕ್ತಿ ಅಲುಗದು. ಹೀಗೆ ೧೮೨೬ರಲ್ಲಿ ಅಳೆದದ್ದನ್ನು ೧೮೨೭ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದನು. ತಂತಿ ಉದ್ದವಾದಷ್ಟೂ ಪ್ರವಾಹಕ್ಕೆ ಅಡ್ಡಿ ಹೆಚ್ಚು, ದಪ್ಪವಾದಷ್ಟೂ ಕಡಿಮೆ. ಒತ್ತಡವನ್ನು ಅಡ್ಡಿಯಿಂದ ಭಾಗಿಸಿದರೆ ಪ್ರವಾಹ. ಇಷ್ಟು ಸರಳವಾದ ಮಾತಿಗೆ ಆತನ ದೇಶದ ಪಂಡಿತರು ಆದರ ತೋರಲಿಲ್ಲ. ಆತನು ಕೆಲಸವನ್ನೂ ಬಿಟ್ಟನು. ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟದ್ದು ೧೮೪೧ರಲ್ಲಿ, ಹದಿನಾಲ್ಕು ವರ್ಷ ಕಳೆದ ಮೇಲೆ. ಉಪಾಧ್ಯಾಯರ ಮಾತು ಮೇಲಿನವರ ಕಿವಿಗೆ ತಲಪುವುದಕ್ಕೆ ಅಷ್ಟು ಕಾಲ ಹಿಡಿಯುವುದು ಜರ್ಮನಿಗೆ ಮಾತ್ರ ಸೇರಿದ ಸಂಗತಿಯಲ್ಲ.

ಅದೇ ಸುಮಾರಿಗೆ ಇಂಗ್ಲೆಂಡಿನ ಸಾಲ್ಫರ್ಡಿನಲ್ಲಿ ಜೇಮ್ಸ್ ಜೂಲ್ ಎಂಬ ಇಪ್ಪತ್ತೆರಡರ ತರುಣ, ಬೀರು ತಯಾರಿಸುವ ಮನೆತನದವನು, ತಂತಿಯ ಸುರುಳಿಯನ್ನು ನೀರಿನ ಪಾತ್ರೆಯಲ್ಲಿ ಮುಳುಗಿಸಿ, ಉಷ್ಣಮಾಪಕವನ್ನು ನೆಟ್ಟು ಕುಳಿತಿದ್ದನು. ಪ್ರವಾಹ ಎರಡರಷ್ಟಾದರೆ ಕಾವು ನಾಲ್ಕರಷ್ಟಾಗುತ್ತದೆ, ಅಡ್ಡಿ ಎರಡರಷ್ಟಾದರೆ ಕಾವು ಎರಡರಷ್ಟು, ಇದು ಆತನು ಕಂಡುಕೊಂಡದ್ದು, ಅಚ್ಚಾದದ್ದು ೧೮೪೧ರಲ್ಲಿ. ಅಲ್ಲಿಗೆ ಲೆಕ್ಕ ಮುಗಿಯಿತು. ಇಂದು ಮನೆಯಲ್ಲಿ ಒಂದು ಸಣ್ಣ ಆವಿಗೆಯನ್ನು ಕಟ್ಟಿಕೊಳ್ಳುವವನು ಈ ಇಬ್ಬರ ಎರಡು ಸಾಲುಗಳಿಗಿಂತ ಹೆಚ್ಚಿನ ಗಣಿತವನ್ನು ಕಲಿಯಬೇಕಾದದ್ದಿಲ್ಲ.

ಹಾಗಾದರೆ ಮಾರನೆಯ ವರ್ಷವೇ ಯಾರಾದರೂ ವಿದ್ಯುತ್ತಿನಿಂದ ಮಡಕೆಯನ್ನೇಕೆ ಸುಡಲಿಲ್ಲ? ಆಗ ಅಗ್ಗದ ವಿದ್ಯುತ್ತು ಇರಲಿಲ್ಲವೆನ್ನಬಹುದು. ನಿಜ. ಆದರೆ ೧೮೮೦ರಿಂದೀಚೆಗೆ ಡೈನಮೋಗಳು ಊರೂರಿಗೆ ಬಂದವು. ನಮ್ಮ ಮೈಸೂರು ಸಂಸ್ಥಾನದಲ್ಲಿಯೇ ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹೊತ್ತಿತು. ದೀಪ ಹೊತ್ತಿತು, ಯಂತ್ರ ತಿರುಗಿತು. ಒಲೆ ಮಾತ್ರ ಉರಿಯಲಿಲ್ಲ. ಇದ್ದ ಕೊರತೆ ತಂತಿಯದು.

ಲೋಹಗಳನ್ನು ಒಂದೊಂದಾಗಿ ತೆಗೆದುಕೊಂಡು ನೋಡೋಣ. ತಾಮ್ರದಲ್ಲಿ ಅಡ್ಡಿ ತೀರ ಕಡಿಮೆ. ಬಹಳ ಉದ್ದ ಬೇಕು, ಅದೂ ೧೦೮೫ ಡಿಗ್ರಿಗೆ ಕರಗಿ ಹೋಗುತ್ತದೆ. ಕಬ್ಬಿಣ ಕರಗುವುದು ೧೫೩೮ ಡಿಗ್ರಿಗೆ, ಬೆಲೆಯೂ ಅಗ್ಗ. ಆದರೆ ಕೆಂಪಗೆ ಕಾದ ಕಬ್ಬಿಣ ಗಾಳಿಯಲ್ಲಿ ಪದರಪದರವಾಗಿ ಸಿಪ್ಪೆ ಬಿಡುತ್ತದೆಂಬುದನ್ನು ಕಮ್ಮಾರಸಾಲೆಯ ಮುಂದೆ ನಿಂತು ನೋಡಿದವರೆಲ್ಲ ಬಲ್ಲರು. ದಪ್ಪನೆಯ ಗುಳಕ್ಕೆ ಅದರಿಂದ ನಷ್ಟವಿಲ್ಲ; ಸಪೂರ ತಂತಿ ಕೆಲವು ಗಂಟೆಗಳಲ್ಲಿ ಬೂದಿ. ಪ್ಲಾಟಿನಮ್ಮಿಗೆ ತುಕ್ಕಿಲ್ಲ, ಅದು ೧೭೬೮ ಡಿಗ್ರಿಯವರೆಗೆ ಕರಗುವುದಿಲ್ಲ. ಪಿಂಗಾಣಿ ಕೊಳವೆಗೆ ಪ್ಲಾಟಿನಮ್ ಸುತ್ತಿದ ಪುಟ್ಟ ಕುಲುಮೆಗಳು ಐರೋಪ್ಯ ಪ್ರಯೋಗಶಾಲೆಗಳಲ್ಲಿ ಇದ್ದವು. ಆದರೆ ಕುಂಬಾರನಿಗೆ ಪ್ಲಾಟಿನಮ್ಮೆಂದರೆ ಉತ್ತುವವನಿಗೆ ಚಿನ್ನದ ನೇಗಿಲೆಂದ ಹಾಗೆ. ಇನ್ನು ಇದ್ದಿಲು: ಎಡಿಸನ್ನನು ೧೮೭೯ರಲ್ಲಿ ಕರಿಕಾಗಿಸಿದ ನೂಲನ್ನು ದೀಪಕ್ಕೆ ಹಾಕಿದನಷ್ಟೆ. ಅದು ಉಳಿದದ್ದು ಬುರುಡೆಯೊಳಗಣ ಗಾಳಿಯನ್ನು ತೆಗೆದುಹಾಕಿದ್ದರಿಂದ. ಇಂದಿನವರು ಬಲ್ಲ ಟಂಗ್‌ಸ್ಟನ್ನಿನ ಗತಿಯೂ ಅದೇ. ಅದರಷ್ಟು ತಡವಾಗಿ ಕರಗುವ ಲೋಹ ಇನ್ನೊಂದಿಲ್ಲ. ಬಿಸಿಯಾಗಿ ಗಾಳಿಗೆ ಸಿಕ್ಕರೆ ಮಾತ್ರ ಹೊಗೆಯಾಗಿ ಹೋಗುತ್ತದೆ. ಮಡಕೆಯನ್ನು ಗಾಜಿನ ಬುರುಡೆಯೊಳಗಿಟ್ಟು ಸುಡಲಾದೀತೆ?

ಅಂದರೆ ಕಷ್ಟವಿದ್ದದ್ದು ಕರಗುವುದರಲ್ಲಿ ಅಲ್ಲ, ಗಾಳಿಯಲ್ಲಿ ಬದುಕುವುದರಲ್ಲಿ. ಈ ಮಾತನ್ನು ಅಂದಿನವರು ತಡವಾಗಿ ತಿಳಿದರೆಂದೇ ನನಗೆ ತೋರುತ್ತದೆ. ಫ್ರಾನ್ಸಿನ ಆನ್ರಿ ಮ್ವಾಸಾನ್ ೧೮೯೨ರಲ್ಲಿ ಎರಡು ಇದ್ದಿಲ ಕಡ್ಡಿಗಳ ನಡುವೆ ವಿದ್ಯುತ್ತಿನ ಜ್ವಾಲೆ ಎಬ್ಬಿಸಿ, ಸುಣ್ಣದ ಕಲ್ಲಿನ ಗೂಡಿನೊಳಗೆ ಮೂರು ಸಾವಿರ ಡಿಗ್ರಿಯ ಸುಮಾರಿಗೆ ಮುಟ್ಟಿದನು. ಅದು ಸಿಂಹದ ಬೇಟೆ. ಕರಗದುದನ್ನು ಕರಗಿಸುವ ವಿದ್ಯೆ. ಮಡಕೆಗೆ ಬೇಕಾದದ್ದು ಒಂಬೈನೂರು ಡಿಗ್ರಿಯಿಂದ ಸಾವಿರದ ಮುನ್ನೂರರೊಳಗಿನ ಕಾವು, ಅದೂ ಎಂಟು ಹತ್ತು ಗಂಟೆ ನಿಧಾನವಾಗಿ ಏರತಕ್ಕದ್ದು. ೫೭೩ ಡಿಗ್ರಿಯ ಬಳಿ ಮಣ್ಣಿನೊಳಗಿನ ಬೆಣಚುಕಲ್ಲಿನ ಹರಳು ಥಟ್ಟನೆ ಹಿಗ್ಗುತ್ತದೆ. ಅಲ್ಲಿ ಅವಸರ ಮಾಡಿದರೆ ಪಾತ್ರೆ ಸೀಳುತ್ತದೆ. ಸಿಂಹ ಹಿಡಿಯುವ ಬಲೆಯಿಂದ ಗುಬ್ಬಚ್ಚಿ ಹಿಡಿಯಲಾಗದು.

ದಾರಿ ತೆರೆದದ್ದು ಬೇರೊಂದು ಮೂಲೆಯಿಂದ. ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಸ್ವಾರಸ್ಯವಾಗಿ ಕಾಣುವ ಭಾಗವೂ ಇದೇ. ಕ್ರೋಮಿಯಮ್ ಎಂಬ ಲೋಹವನ್ನು ಫ್ರಾನ್ಸಿನ ವೋಕೆಲಿನನು ಸೈಬೀರಿಯದ ಕೆಂಪು ಅದಿರೊಂದರಲ್ಲಿ ೧೭೯೭ರಲ್ಲಿಯೇ ಕಂಡಿದ್ದನು. ಬಣ್ಣಬಣ್ಣದ ಲವಣಗಳನ್ನು ಕೊಡುವುದರಿಂದ ಬಣ್ಣವೆಂಬ ಅರ್ಥದ ಗ್ರೀಕ್ ಹೆಸರು ಅದಕ್ಕೆ ಬಂದಿತು. ಒಂದು ಶತಮಾನ ಅದು ಹೆಚ್ಚಾಗಿ ಬಣ್ಣಗಾರರ, ಚರ್ಮ ಹದ ಮಾಡುವವರ ಸರಕಾಗಿಯೇ ಉಳಿಯಿತು. ಇದ್ದಿಲಿನ ಜೊತೆ ಕಾಯಿಸಿ ಲೋಹ ತೆಗೆದರೆ ಇದ್ದಿಲು ಅದರೊಳಗೆ ಸೇರಿ, ಅದು ಗಾಜಿನಂತೆ ಪೆಡಸಾಗುತ್ತಿತ್ತು. ಅಂಥದರ ಮಿಶ್ರಣದಿಂದ ತಂತಿ ಎಳೆಯುವುದು ಎಲ್ಲಿಂದ ಬಂತು? ೧೮೮೬ರಲ್ಲಿ ಅಮೆರಿಕದ ಹಾಲ್, ಫ್ರಾನ್ಸಿನ ಎರೂ ಎಂಬ ಇಬ್ಬರು ತರುಣರು ಒಬ್ಬರನ್ನೊಬ್ಬರು ಅರಿಯದೆ ವಿದ್ಯುತ್ತಿನಿಂದ ಅಲ್ಯುಮಿನಿಯಮ್ ತೆಗೆಯುವ ದಾರಿ ಕಂಡರು. ಬೆಳ್ಳಿಯ ಸಾಲಿನಲ್ಲಿದ್ದ ಲೋಹ ಪಾತ್ರೆಪಗಡದ ಲೋಹವಾಗತೊಡಗಿತು. ೧೮೯೦ರ ದಶಕದಲ್ಲಿ ಜರ್ಮನಿಯ ಹಾನ್ಸ್ ಗೋಲ್ಡ್‌ಷ್ಮಿಟ್ ಆ ಅಲ್ಯುಮಿನಿಯಮ್ ಪುಡಿಯನ್ನು ಕ್ರೋಮಿಯಮ್ ಭಸ್ಮದೊಡನೆ ಬೆರೆಸಿ ಬೆಂಕಿ ಹಚ್ಚಿದನು. ಅಲ್ಯುಮಿನಿಯಮ್ ಆಮ್ಲಜನಕವನ್ನು ಕಿತ್ತುಕೊಂಡಿತು. ಇದ್ದಿಲಿನ ಸೋಂಕಿಲ್ಲದ ಕ್ರೋಮಿಯಮ್ ತಳದಲ್ಲಿ ನಿಂತಿತು. ವಿದ್ಯುತ್ತು ಅಲ್ಯುಮಿನಿಯಮ್ಮನ್ನು ಕೊಟ್ಟಿತು, ಅಲ್ಯುಮಿನಿಯಮ್ಮು ಕ್ರೋಮಿಯಮ್ಮನ್ನು ಕೊಟ್ಟಿತು, ಕ್ರೋಮಿಯಮ್ಮು ವಿದ್ಯುತ್ತಿಗೆ ತಂತಿಯನ್ನು ಕೊಟ್ಟಿತು. ಅರವತ್ತನಾಲ್ಕು ವರ್ಷಗಳ ಲೆಕ್ಕಕ್ಕೆ ನನ್ನ ಉತ್ತರ ಇದು.

ಕ್ರೋಮಿಯಮ್ ನಮಗೆ ಪರಕೀಯವೆಂದು ಯಾರೂ ಭಾವಿಸಬೇಕಾಗಿಲ್ಲ. ಹಾಸನ ಜಿಲ್ಲೆಯ ನುಗ್ಗೇಹಳ್ಳಿಯ ಸುತ್ತಿನ ಕರಿಗಲ್ಲ ಸಾಲಿನಲ್ಲಿ ಅದರ ಅದಿರಿದೆ. ಬೈರಾಪುರದ ಗಣಿ ಪ್ರಸಿದ್ಧವಾದದ್ದು.

ಈಗ ಮಾರ್ಷನಿಗೆ ಬರೋಣ. ಆಲ್ಬರ್ಟ್ ಮಾರ್ಷ್ ೧೮೭೭ರಲ್ಲಿ ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ ಹುಟ್ಟಿದವನು. ಷಿಕಾಗೊದಲ್ಲಿ ವಿಲಿಯಮ್ ಹಾಸ್ಕಿನ್ಸ್ ಎಂಬ ರಸಾಯನಜ್ಞನ ಪ್ರಯೋಗಶಾಲೆಯನ್ನು ಸೇರಿ, ಲೋಹಗಳನ್ನು ಬೆರೆಸಿ ಬೆರೆಸಿ ನೋಡುವ ಕೆಲಸಕ್ಕೆ ಕುಳಿತನು. ಎಂಬತ್ತು ಪಾಲು ನಿಕಲ್ಲು, ಇಪ್ಪತ್ತು ಪಾಲು ಕ್ರೋಮಿಯಮ್ ಬೆರೆತ ಮಿಶ್ರಲೋಹ ತಂತಿಯಾಗಿ ಎಳೆಯಲು ಬಂದಿತು. ತಾಮ್ರಕ್ಕಿಂತ ಅದರ ಅಡ್ಡಿ ಅರವತ್ತು ಪಟ್ಟು ಹೆಚ್ಚು. ಕೆಂಪಗೆ ಕಾಯಿಸಿದರೂ ಸಿಪ್ಪೆ ಬಿಡಲಿಲ್ಲ. ತಣಿಸಿ ಮತ್ತೆ ಕಾಯಿಸಿದರೂ ಬಿಡಲಿಲ್ಲ. ೧೯೦೫ರಲ್ಲಿ ಅರ್ಜಿ ಹಾಕಿ, ೧೯೦೬ರ ಫೆಬ್ರವರಿ ೬ರಂದು ಪೇಟೆಂಟು ಪಡೆದನು. ಮುಂದೆ ಜನರಲ್ ಎಲೆಕ್ಟ್ರಿಕ್ ಕಂಪೆನಿಯೊಡನೆ ನ್ಯಾಯಾಲಯದಲ್ಲಿ ವ್ಯಾಜ್ಯ ನಡೆದು, ಪೇಟೆಂಟು ಊರ್ಜಿತವಾಯಿತು. ಇಂದು ಎಲ್ಲರೂ ನೈಕ್ರೋಮ್ ಎನ್ನುವ ಹೆಸರು ಮಾರ್ಷನದಲ್ಲ, ಇನ್ನೊಂದು ಕಂಪೆನಿಯ ವ್ಯಾಪಾರನಾಮ. ಲೋಹ ಮಾಡಿದವನು ಒಬ್ಬ, ಹೆಸರು ನಿಂತದ್ದು ಇನ್ನೊಬ್ಬರದು!

ಆ ತಂತಿ ಸಿಪ್ಪೆ ಬಿಡದಿರುವುದೇಕೆ? ತುಕ್ಕು ಹಿಡಿಯುವುದಿಲ್ಲವೆಂದು ನಮ್ಮ ಮಕ್ಕಳು ಪರೀಕ್ಷೆಯಲ್ಲಿ ಬರೆಯುತ್ತಿದ್ದರು. ನಿಜ ಅದಕ್ಕೆ ತಿರುಗುಮುರುಗು. ಅದು ಮೊದಲನೆಯ ಸಲ ಕಾದಾಗಲೇ ತುಕ್ಕು ಹಿಡಿಯುತ್ತದೆ. ಮೈಮೇಲಿನ ಕ್ರೋಮಿಯಮ್ ಗಾಳಿಯ ಆಮ್ಲಜನಕದೊಡನೆ ಸೇರಿ ತೆಳ್ಳನೆಯ ಹಸಿರುಗಪ್ಪು ಪೊರೆಯಾಗುತ್ತದೆ. ಕಬ್ಬಿಣದ ತುಕ್ಕು ಸಡಿಲ, ಉದುರುತ್ತದೆ, ಉದುರಿದಲ್ಲಿ ಹೊಸ ಕಬ್ಬಿಣ ಬೆತ್ತಲಾಗಿ ಮತ್ತೆ ಸುಡುತ್ತದೆ. ಈ ಪೊರೆ ಬಿಗಿಯಾಗಿ ಅಂಟಿಕೊಂಡು, ಗಾಳಿಯನ್ನು ಒಳಕ್ಕೆ ಬಿಡದೆ ಕಾಯುತ್ತದೆ. ತಂತಿ ಬದುಕುವುದು ತನ್ನ ತುಕ್ಕಿನ ಆಶ್ರಯದಲ್ಲಿ.

ಆದರೆ ಮಾರ್ಷನ ತಂತಿಗೂ ಒಂದು ಮಿತಿಯುಂಟು. ತಂತಿಯ ಮೈ ೧೨೦೦ ಡಿಗ್ರಿಗೆ ಮುಟ್ಟಿದರೆ ಅದರ ಶಕ್ತಿ ಮುಗಿಯಿತು. ಆವಿಗೆಯೊಳಗಿನ ಕಾವು ಯಾವಾಗಲೂ ತಂತಿಯ ಕಾವಿಗಿಂತ ಕೆಳಗಿರುವುದರಿಂದ ೧೧೦೦ ಡಿಗ್ರಿಯವರೆಗಿನ ಕೆಲಸ ಅದರಿಂದ ಆಗುತ್ತದೆ. ಕೆಂಪು ಮಣ್ಣಿನ ಪಾತ್ರೆಗೆ ಅಷ್ಟು ಬೇಕಾದಷ್ಟಾಯಿತು. ಕಲ್ಲಿನಂತೆ ಗಟ್ಟಿಯಾಗಿ ನೀರು ಹೀರದ ಪಾತ್ರೆ ಬೇಕೆಂದರೆ ೧೨೦೦ರಿಂದ ೧೨೮೦ ಡಿಗ್ರಿ ಬೇಕು. ಅಲ್ಲಿಗೆ ಏರಿದವನು ಸ್ವೀಡನ್ನಿನ ಹಾನ್ಸ್ ಫಾನ್ ಕಾಂಟ್ಸೋ. ಹಾಲ್‌ಸ್ಟಹಮ್ಮಾರ್ ಎಂಬ ಸಣ್ಣ ಊರಿನ ಉಕ್ಕಿನ ಕಾರ್ಖಾನೆಯಲ್ಲಿ ೧೯೨೦ರ ದಶಕದಲ್ಲಿ ಆತನು ದುಬಾರಿಯ ನಿಕಲ್ಲನ್ನು ಬಿಟ್ಟು, ಯಾವ ಕಬ್ಬಿಣವನ್ನು ಎಲ್ಲರೂ ಕೈಬಿಟ್ಟಿದ್ದರೋ ಅದನ್ನೇ ಮತ್ತೆ ಹಿಡಿದನು. ಅದಕ್ಕೆ ಇಪ್ಪತ್ತರ ಮೇಲೆ ಒಂದೆರಡು ಪಾಲು ಕ್ರೋಮಿಯಮ್ಮನ್ನೂ ಐದಾರು ಪಾಲು ಅಲ್ಯುಮಿನಿಯಮ್ಮನ್ನೂ ಬೆರೆಸಿದನು. ತನ್ನ ಹೆಸರಿನ ಮೊದಲನ್ನೂ ಊರಿನ ಹೆಸರಿನ ಮೊದಲನ್ನೂ ಕೂಡಿಸಿ ಕಾಂತಾಲ್ ಎಂದು ಕರೆದನು. ೧೯೩೧ರಲ್ಲಿ ಅದೇ ಹೆಸರಿನ ಕಂಪೆನಿಯಾಯಿತು. ಈ ತಂತಿಯ ಮೈ ೧೪೦೦ ಡಿಗ್ರಿಯವರೆಗೆ ತಾಳಬಲ್ಲದು. ಅದರ ಮೇಲಿನ ಪೊರೆ ಕ್ರೋಮಿಯಮ್ಮಿನದಲ್ಲ, ಅಲ್ಯುಮಿನಿಯಮ್ಮಿನ ಭಸ್ಮ. ಈ ಭಸ್ಮವೇ ಕುಂಬಾರನ ಬಿಳಿಯ ಜೇಡಿಯಲ್ಲಿ ಬೆಂಕಿಯನ್ನು ತಾಳುವ ಅಂಶ. ಹರಳಾಗಿ ನಿಂತು ಚೂರು ಕ್ರೋಮಿಯಮ್ ಬೆರೆತರೆ ಅದೇ ಮಾಣಿಕ್ಯ. ಆ ಹರಳಿಗೆ ಐರೋಪ್ಯರಿಟ್ಟ ಕೊರಂಡಮ್ ಎಂಬ ಹೆಸರೂ ನಮ್ಮ ದೇಶದ ಕುರುವಿಂದ, ಕುರುಂದಗಳಿಂದ ಹೋದದ್ದು.

ಇದಕ್ಕೂ ಮೇಲಿನ ಕಾವಿಗೆ ಸಿಲಿಕಾನ್ ಕಾರ್ಬೈಡಿನ ಕಡ್ಡಿಗಳುಂಟು, ಮಾಲಿಬ್ಡಿನಮ್ ಸಿಲಿಸೈಡಿನವುಂಟು. ಅವು ಕಾರ್ಖಾನೆಯವರಿಗೆ, ಮನೆಯ ಆವಿಗೆಗೆ ಬೇಡ.

ಈಗ ನಮ್ಮ ಬೀದಿಯ ಸಂಗತಿ. ಬೀದಿಯ ಕೊನೆಯ ಮನೆಯ ಹುಡುಗಿ ಕುಂಬಾರಿಕೆಯನ್ನು ಶಾಸ್ತ್ರೋಕ್ತವಾಗಿ ಕಲಿತು ಬಂದು, ಮನೆಯ ಹಿತ್ತಿಲಲ್ಲಿಯೇ ಬಟ್ಟಲು, ತಟ್ಟೆ ಮಾಡಿ ಮಾರಲು ತೊಡಗಿದ್ದಳು. ಸೌದೆಯ ಆವಿಗೆಗೆ ಜಾಗವಿಲ್ಲ. ಹೊಗೆಯೆದ್ದರೆ ನೆರೆಯವರು ಸುಮ್ಮನಿರುವರೇ? ಸಾಲ ಮಾಡಿ ಒಂದು ಸಣ್ಣ ವಿದ್ಯುತ್ತಿನ ಆವಿಗೆಯನ್ನು ಕೊಂಡಳು. ಒಳಗೆ ಉದ್ದ, ಅಗಲ, ಎತ್ತರ ಎಲ್ಲವೂ ೨೩ ಸೆಂಟಿಮೀಟರು, ಒಂದು ಇಟ್ಟಿಗೆಯ ಉದ್ದ. ಒಂದು ಸಲಕ್ಕೆ ಹತ್ತು ಹನ್ನೆರಡು ಬಟ್ಟಲು ಹಿಡಿಸುವುದು. ಏಳನೆಯ ಸುಡುವಿಕೆಯಲ್ಲಿ ತಂತಿ ಕಡಿಯಿತು. ಬೇರೆ ತಂತಿ ಹಾಕಿಸಿದಳು. ಅದು ಎಂಟನೆಯದಕ್ಕೆ ಹೋಯಿತು. ಒಪ್ಪಿಕೊಂಡ ಬಟ್ಟಲುಗಳ ದಿನ ಮುಂದಿತ್ತು, ಸಾಲದ ಕಂತೂ ಮುಂದಿತ್ತು.

“ಮೇಷ್ಟ್ರೇ, ತಂತಿ ಅಂದಮೇಲೆ ಸುಟ್ಟೇ ಸುಡತ್ತೆ ಅಂತಾರೆ ಅವರು. ಹೌದಾ?” ಎಂದು ಕೇಳಿದಳು.

“ಎಷ್ಟು ದಿನಕ್ಕೆ ಸುಡತ್ತೆ ಅನ್ನೋದಕ್ಕೆ ಲೆಕ್ಕ ಇದೆಯಮ್ಮ. ಆ ತುಂಡು ತಾ, ನೋಡೋಣ” ಎಂದೆ.

ಸ್ಕ್ರೂಗೇಜು ಹಿಡಿದು ನೋಡಿದರೆ ಹದಿನೆಂಟನೆಯ ನಂಬರಿನ ತಂತಿ, ದಪ್ಪ ೧.೨೨ ಮಿಲಿಮೀಟರು. ಜಾತಿಯೇನೋ ಒಳ್ಳೆಯದು, ಕಾಂತಾಲಿನ ಬಗೆಯ ಕಬ್ಬಿಣ-ಕ್ರೋಮಿಯಮ್-ಅಲ್ಯುಮಿನಿಯಮ್ ತಂತಿಯೇ. ಇಲ್ಲಿಂದ ಮುಂದಿನದು ಲೆಕ್ಕ. ಲೆಕ್ಕ ಬೇಡವೆನ್ನುವ ವಾಚಕರು ಎರಡು ಪ್ಯಾರಾ ದಾಟಿ ಹೋಗಬಹುದು. ಆದರೆ ಈ ಕಥೆಯ ಜೀವ ಇರುವುದು ಅಲ್ಲಿಯೇ.

ಮನೆಯ ವಿದ್ಯುತ್ತಿನ ಒತ್ತಡ ೨೩೦ ವೋಲ್ಟು. ದೊಡ್ಡ ಪ್ಲಗ್ಗು ೧೬ ಆಂಪಿಯರಿನದು. ಗಂಟೆಗಟ್ಟಲೆ ನಡೆಯುವ ಕೆಲಸವಾದ್ದರಿಂದ ಹನ್ನೆರಡೂವರೆಗೆ ನಿಲ್ಲಿಸುವುದು ಕ್ಷೇಮ. ಎರಡನ್ನೂ ಗುಣಿಸಿದರೆ ೨೮೭೫ ವ್ಯಾಟು. ಇಷ್ಟು ಸಣ್ಣ ಆವಿಗೆಗೆ, ಗೋಡೆ ಹಗುರವಾದ ಬಿಳಿಯ ಉಷ್ಣನಿರೋಧಕ ಇಟ್ಟಿಗೆಯದಾಗಿದ್ದರೆ, ಇದು ಸಾಕು. ಓಮನ ಮಾತಿನಂತೆ ೨೩೦ನ್ನು ಹನ್ನೆರಡೂವರೆಯಿಂದ ಭಾಗಿಸಿದರೆ ತಂತಿಯ ಅಡ್ಡಿ ೧೮.೪ ಓಮ್ ಇರಬೇಕು. ಹದಿನೆಂಟನೆಯ ನಂಬರಿನ ಈ ತಂತಿಗೆ ಮೀಟರಿಗೆ ಸುಮಾರು ೧.೨೪ ಓಮ್. ಆದ್ದರಿಂದ ೧೪.೮ ಮೀಟರು ಉದ್ದ ಸಾಕು. ಆವಿಗೆ ಮಾಡಿದವರು ಹಾಕಿದ್ದೂ ಹತ್ತಿರ ಹತ್ತಿರ ಅಷ್ಟೇ. ಓಮನ ದೃಷ್ಟಿಯಿಂದ ಅವರದು ತಪ್ಪೆನ್ನುವಂತಿಲ್ಲ; ಜೂಲನ ದೃಷ್ಟಿಯಿಂದಲೂ ಇಲ್ಲ. ಆದರೆ ಆ ೨೮೭೫ ವ್ಯಾಟುಗಳಷ್ಟು ಕಾವು ತಂತಿಯ ಮೈಯಿಂದಲೇ ಹೊರಗೆ ಹೋಗಬೇಕಷ್ಟೆ. ೧೪.೮ ಮೀಟರು ತಂತಿಯ ಮೈ ಎಷ್ಟು? ಸುತ್ತಳತೆಯನ್ನು ಉದ್ದದಿಂದ ಗುಣಿಸಿದರೆ ೫೬೭ ಚದರ ಸೆಂಟಿಮೀಟರು. ಒಂದೊಂದು ಚದರ ಸೆಂಟಿಮೀಟರಿನ ಮೇಲೆ ಐದು ವ್ಯಾಟಿನ ಹೊರೆ ಬಿದ್ದಂತಾಯಿತು. ಸುತ್ತಲೂ ಬಿಳಿಯ ಬೆಂಕಿಯಂತಿರುವ ೧೨೫೦ ಡಿಗ್ರಿಯ ಗೋಡೆಗಳ ನಡುವೆ ಅಷ್ಟು ಕಾವನ್ನು ಹೊರಚೆಲ್ಲಬೇಕಾದರೆ ತಂತಿ ಅದಕ್ಕಿಂತ ಬಹಳ ಮೇಲೇರಬೇಕು, ತನ್ನ ಮಿತಿಯನ್ನು ಮುಟ್ಟಬೇಕು, ದಾಟಬೇಕು. ಇಂಥ ಆವಿಗೆಗಳಲ್ಲಿ ಒಂದೂವರೆಯಿಂದ ಎರಡು, ಎರಡಕ್ಕಿಂತ ತುಸು ಮೇಲೆ, ಇಷ್ಟೇ ಹೊರೆಯೆಂಬುದು ಅನುಭವಿಗಳ ಕಟ್ಟಳೆ.

ಹಾಗಾದರೆ ತಂತಿಯನ್ನು ದಪ್ಪ ಮಾಡೋಣ. ಹದಿನಾರನೆಯ ನಂಬರು, ದಪ್ಪ ೧.೬೩ ಮಿಲಿಮೀಟರು, ಮೊದಲಿನದಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚು. ಅಡ್ಡಿ ಮೀಟರಿಗೆ ೦.೭೦ ಓಮಿಗೆ ಇಳಿಯಿತು. ಅದೇ ೧೮.೪ ಓಮಿಗೆ ಈಗ ೨೬.೪ ಮೀಟರು ಬೇಕು. ದಪ್ಪವೂ ಹೆಚ್ಚಿತು, ಉದ್ದವೂ ಹೆಚ್ಚಿತು; ಮೈ ಸುಮಾರು ೧೩೫೦ ಚದರ ಸೆಂಟಿಮೀಟರಾಯಿತು. ಹೊರೆ ೨.೧ ವ್ಯಾಟಿಗೆ ಇಳಿಯಿತು. ದಪ್ಪದ ಮೂರನೆಯ ಘಾತದಂತೆ ಹೊರೆ ತಗ್ಗುತ್ತದೆಂಬುದು ಇದರ ಗುಟ್ಟು. ವಿದ್ಯುತ್ತಿನ ಖರ್ಚು ಅಷ್ಟೇ, ಕಾವು ಅಷ್ಟೇ, ಆವಿಗೆಯೂ ಅದೇ. ವ್ಯತ್ಯಾಸವೆಲ್ಲ ತೂಕದಲ್ಲಿ: ಮೊದಲಿನ ತಂತಿ ೧೨೩ ಗ್ರಾಮು, ಎರಡನೆಯದು ೩೯೦. ಅಂದರೆ ಕಾಲು ಕಿಲೋಗ್ರಾಮಿಗಿಂತ ಸ್ವಲ್ಪ ಹೆಚ್ಚಿನ ಲೋಹವನ್ನು ಉಳಿಸುವುದಕ್ಕಾಗಿ ಆ ಹುಡುಗಿಯ ಏಳು ದಿನದ ದುಡಿಮೆಯನ್ನು ಒಲೆಗೆ ಹಾಕಿದಂತಾಯಿತು.

ಸುರುಳಿ ಸುತ್ತುವುದು ಕೈಕೆಲಸ. ಓಮನ ತಂದೆ ಇದ್ದಿದ್ದರೆ ಮೆಚ್ಚುತ್ತಿದ್ದನೋ ಏನೋ. ಎಂಟು ಮಿಲಿಮೀಟರಿನ ಸಲಾಕೆಗೆ ತಂತಿಯನ್ನು ಒತ್ತಾಗಿ ಸುತ್ತಿದೆವು. ಸುಮಾರು ೮೭೦ ಸುತ್ತು. ಉದ್ದ ಒಂದು ಮೀಟರು ನಲವತ್ತು ಸೆಂಟಿಮೀಟರು. ಆಮೇಲೆ ಎಳೆದು ಮೂರರಷ್ಟಕ್ಕೆ ಸ್ವಲ್ಪ ಮಿಕ್ಕಿ ಮಾಡಿ, ಇಟ್ಟಿಗೆಯಲ್ಲಿ ಕೊರೆದ ಕಾಲುವೆಗಳಲ್ಲಿ ಐದು ಸುತ್ತು ಕೂರಿಸಿದೆವು. ಸುರುಳಿಯ ಅಗಲ ತಂತಿಯ ದಪ್ಪದ ಆರೇಳರಷ್ಟಕ್ಕಿಂತ ದೊಡ್ಡದಾದರೆ ಕಾದಾಗ ತನ್ನ ಭಾರಕ್ಕೆ ತಾನೇ ಮಲಗಿಬಿಡುತ್ತದೆ. ಸುತ್ತುಗಳು ಒಂದಕ್ಕೊಂದು ತಾಗಿಕೊಂಡರೆ ಒಂದರ ಕಾವು ಇನ್ನೊಂದನ್ನು ಸುಡುತ್ತದೆ. ಗೋಡೆಯನ್ನು ದಾಟಿ ಹೊರಬರುವ ತುದಿಗಳಲ್ಲಿ ಎರಡು ಎಳೆಯನ್ನು ಹುರಿಗೊಳಿಸಬೇಕು. ಅಲ್ಲಿ ಅಡ್ಡಿ ಕಡಿಮೆಯಾಗಿ ತುದಿ ತಣ್ಣಗಿರುತ್ತದೆ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಈ ತಂತಿ ಬೆತ್ತಲೆ; ಅದರಲ್ಲಿ ೨೩೦ ವೋಲ್ಟು ಹರಿಯುತ್ತಿರುತ್ತದೆ. ಬಾಗಿಲು ತೆರೆದೊಡನೆ ವಿದ್ಯುತ್ತು ತಾನಾಗಿಯೇ ಕಡಿಯುವಂತೆ ಸ್ವಿಚ್ಚು ಇರತಕ್ಕದ್ದು, ಹೊರಗಿನ ತಗಡಿಗೆ ಭೂಸಂಪರ್ಕ ಇರತಕ್ಕದ್ದು. ಮನೆಯ ಸಂಪರ್ಕದ ಕೆಲಸವನ್ನು ಬಲ್ಲ ಎಲೆಕ್ಟ್ರಿಷಿಯನ್ನನಿಂದಲೇ ಮಾಡಿಸತಕ್ಕದ್ದು. ಕಬ್ಬಿಣದ ಇಕ್ಕಳ ಒಳಗೆ ತಾಗಿ ಪ್ರಾಣಕ್ಕ ಬಂದರೆ ಯಾವ ಲೆಕ್ಕವೂ ಉಳಿಸದು.

ವಿದ್ಯುತ್ತಿನ ಆವಿಗೆಯಲ್ಲಿ ಜೀವವಿಲ್ಲ, ಸೌದೆಯ ಬೆಂಕಿಯ ಚಮತ್ಕಾರ ಅಲ್ಲಿ ಬಾರದು ಎಂದು ಕಲಾವಿದರು ಹೇಳುವುದುಂಟು. ಅವರ ಮಾತಿನಲ್ಲಿ ಸತ್ಯಾಂಶವಿದೆ. ಅದರ ಕಾರಣವೂ ತಂತಿಯ ಪೊರೆಯಲ್ಲಿಯೇ ಇದೆ. ಸೌದೆಯ ಆವಿಗೆಯ ಗಾಳಿಯನ್ನು ಕಟ್ಟಿದರೆ ಹೊಗೆ ತುಂಬಿ, ಮೆರುಗಿನೊಳಗಿನ ತಾಮ್ರದಿಂದ ಆಮ್ಲಜನಕವನ್ನು ಕಿತ್ತುಕೊಂಡು ರಕ್ತವರ್ಣ ತರುತ್ತದೆ. ಚೀನಾದವರ ತಿಳಿಹಸಿರು ಮೆರುಗು ಕಬ್ಬಿಣದಿಂದ ಬಂದದ್ದೂ ಹಾಗೆಯೇ. ತಂತಿಯ ಪೊರೆಗೆ ಬೇಕಾದದ್ದು ಇದರ ವಿರುದ್ಧ: ಯಥೇಚ್ಛವಾದ ಗಾಳಿ. ಹೊಗೆಯಲ್ಲಿ ಪೊರೆ ಸವೆದರೆ ಮತ್ತೆ ಬೆಳೆಯಲಾರದು. ಆದ್ದರಿಂದ ಈ ಆವಿಗೆಯ ಬಣ್ಣಗಳು ಗಾಳಿಯಾಡುವ ಬೆಂಕಿಯ ಬಣ್ಣಗಳು. ತಾಮ್ರ ಹಸಿರಾಗಿ ಉಳಿಯುತ್ತದೆ, ಕಬ್ಬಿಣ ಜೇನಿನ ಬಣ್ಣವಾಗುತ್ತದೆ. ಇದನ್ನು ಕೊರತೆಯೆನ್ನುವುದಕ್ಕೆ ನಾನು ಒಪ್ಪುವುದಿಲ್ಲ. ವಿಯೆನ್ನಾದಲ್ಲಿ ೧೯೦೨ರಲ್ಲಿ ಹುಟ್ಟಿದ ಲೂಸಿ ರೀ ಎಂಬಾಕೆ ನಾಟ್ಸಿಗಳ ಕಾಟದಿಂದ ೧೯೩೮ರಲ್ಲಿ ದೇಶ ಬಿಟ್ಟು ಲಂಡನ್ನಿಗೆ ಬಂದಳು. ಬದುಕಿಗಾಗಿ ಪಿಂಗಾಣಿಯ ಗುಂಡಿಗಳನ್ನು ಮಾಡಿ ಮಾರಿದಳು. ನಗರದ ನಡುವಿನ ಒಂದು ಚಿಕ್ಕ ಮನೆಯಲ್ಲಿ ವಿದ್ಯುತ್ತಿನ ಆವಿಗೆಯನ್ನಿಟ್ಟುಕೊಂಡು ದಶಕಗಳ ಕಾಲ ದುಡಿದಳು. ಆ ದಿನಗಳಲ್ಲಿ ಇಂಗ್ಲೆಂಡಿನ ಕುಂಬಾರರಿಗೆ ಗುರುವಿನಂತಿದ್ದ ಬರ್ನಾರ್ಡ್ ಲೀಚನ ದಾರಿ ಪೂರ್ವದೇಶಗಳ ಜ್ವಾಲೆಯ ದಾರಿ. ಆಕೆ ಆತನ ಸ್ನೇಹವನ್ನು ಇಟ್ಟುಕೊಂಡಳು, ದಾರಿಯನ್ನು ಹಿಡಿಯಲಿಲ್ಲ. ಹಸಿಯ ಪಾತ್ರೆಗೇ ಮೆರುಗು ಹಚ್ಚಿ, ಒಂದೇ ಸಲ ಸುಟ್ಟು ತೆಗೆದ ಆಕೆಯ ತೆಳುಗೋಡೆಯ ಬಟ್ಟಲುಗಳು ಇಂದು ವಸ್ತುಸಂಗ್ರಹಾಲಯಗಳಲ್ಲಿವೆ. ಜೀವವಿಲ್ಲವೆನ್ನುವವರು ಅವನ್ನು ನೋಡಬೇಕು.

ಹೊಸ ತಂತಿ ಕೂರಿಸಿದ ಮೇಲೆ ಪಾತ್ರೆ ತುಂಬುವ ಹಾಗಿಲ್ಲ. ಬರಿಯ ಆವಿಗೆಯನ್ನು, ಗಾಳಿಯ ಕಂಡಿ ತೆರೆದಿಟ್ಟು, ೧೦೫೦ ಡಿಗ್ರಿಗೆ ಏರಿಸಿ ಏಳೆಂಟು ಗಂಟೆ ಹಿಡಿಯಬೇಕು. ಪೊರೆ ಬೆಳೆಯುವುದಕ್ಕೆ ಅಷ್ಟು ಹೊತ್ತು ಬೇಕು. “ಸುಮ್ಮನೆ ಕರೆಂಟು ದಂಡ ಅಲ್ವಾ ಮೇಷ್ಟ್ರೇ?” ಎಂದು ಆಕೆಯ ತಾಯಿ ಕೇಳಿದರು. ಬೆಳಗ್ಗೆ ತೆರೆದಾಗ ಹೊಳೆಯುತ್ತಿದ್ದ ತಂತಿ ಬೂದಿಬಣ್ಣಕ್ಕೆ ತಿರುಗಿ ಮಂಕಾಗಿತ್ತು. ಇನ್ನು ಅದನ್ನು ತಣ್ಣಗಿರುವಾಗ ಬಗ್ಗಿಸುವಂತಿಲ್ಲ. ಒಮ್ಮೆ ಕಾದ ಮೇಲೆ ಈ ಜಾತಿಯ ತಂತಿ ಒಣಕಡ್ಡಿಯಂತೆ ಮುರಿಯುತ್ತದೆ. ನೈಕ್ರೋಮಿಗೆ ಆ ದೋಷವಿಲ್ಲ.

ಆ ಸುರುಳಿ ಐವತ್ತನ್ನು ದಾಟಿ ಇನ್ನೂ ನಡೆಯುತ್ತಿದೆ. ಅದೂ ಚಿರಂಜೀವಿಯಲ್ಲ. ಪ್ರತಿ ಸಲ ಕಾದು ತಣಿಯುವಾಗಲೂ ಪೊರೆಯಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ. ತಂತಿಯೊಳಗಿನ ಅಲ್ಯುಮಿನಿಯಮ್ ಹೊರಕ್ಕೆ ಬಂದು ಆ ಬಿರುಕನ್ನು ಮುಚ್ಚುತ್ತದೆ. ಐದಾರು ಪಾಲಿನ ಆ ದಾಸ್ತಾನು ಮುಗಿದ ದಿನ ಉಳಿಯುವುದು ಕಬ್ಬಿಣ, ಅದರ ಗತಿ ನಮಗೆ ಗೊತ್ತೇ ಇದೆ. ಅಷ್ಟರೊಳಗೆ ತಂತಿ ಸವೆದು ಅಡ್ಡಿ ಏರುತ್ತದೆ, ಪ್ರವಾಹ ಇಳಿಯುತ್ತದೆ, ಎಂಟು ಗಂಟೆಯ ಕೆಲಸಕ್ಕೆ ಒಂಬತ್ತು, ಹತ್ತು ಗಂಟೆ ಹಿಡಿಯುತ್ತದೆ. ಅದಕ್ಕಾಗಿ ಆಕೆ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಸುಡುವಿಕೆಯ ತಾರೀಕು, ಹೊತ್ತು, ಗಂಟೆಗಳನ್ನು ಬರೆದಿಡುತ್ತಾಳೆ. ಹತ್ತು ಗಂಟೆಯೆಂದು ಬರೆಯುವ ದಿನ ಬಂದರೆ ಹಾಕಲು ಹದಿನಾರನೆಯ ನಂಬರಿನ ಇಪ್ಪತ್ತೇಳು ಮೀಟರು ತಂತಿ ಕೊಂಡು ಕಪಾಟಿನಲ್ಲಿಟ್ಟಿದ್ದಾಳೆ.